ಓಡುವ ಯಂತ್ರದಲ್ಲೇ ಡೈರೆಕ್ಟರಿ ಬದಲಿಸುವುದು

ಶಿವಮೊಗ್ಗದಲ್ಲಿ ಪ್ರೋಗ್ರಾಂಗಳನ್ನು ಸೋರ್ಸ್‌ನಿಂದ (ಮೂಲ ಸಂಕೇತದಿಂದ) ತಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವ ಜೆಂಟೂ ಲಿನಕ್ಸ್ ಬಳಸುವ ನಾಲ್ಕು ಜನ ಸೇರಿದರೆ ಈ ವಾದ ಎದ್ದೇ ಏಳುತ್ತದೆ: ಪ್ರೋಗ್ರಾಂಗಳಿರುವ ‘/ಬಿನ್’ ಮತ್ತು ‘/ಯುಎಸ್‌ಆರ್/ಬಿನ್’ ಡೈರೆಕ್ಟರಿಗಳನ್ನು ಒಂದು ಮಾಡಬೇಕೇ, ಬೇಡವೇ? ‘ಯೂನಿಕ್ಸ್ ಕಟ್ಟಿದ ಹಿರಿಯರು ಯೋಚಿಸಿಯೇ ಬೇರೆ ಇಟ್ಟಿದ್ದಾರೆ’ ಎಂಬ ಮಾತನ್ನು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಹಿರಿಯರಿಗಿದ್ದದ್ದು ಜಾಗದ ಚಿಂತೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಅನ್ನು ಕಟ್ಟಿದ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರ ಪ್ರಬಂಧದಲ್ಲಿ ವರ್ಣಿಸಿದ ಪಿಡಿಪಿ-11 ಯಂತ್ರದಲ್ಲಿ ತೆಗೆದು ಬದಲಿಸಬಹುದಾದ ಒಂದೊಂದು ಡಿಸ್ಕಿನಲ್ಲಿ ಹಿಡಿಯುತ್ತಿದ್ದದ್ದು 2.5 ಮೆಗಾಬೈಟ್. ಮೊದಲ ಡಿಸ್ಕ್ ತುಂಬಿದ್ದರಿಂದ, ಬಳಕೆದಾರರ ಕಡತಗಳಿಗೆಂದು ಇದ್ದ ಇನ್ನೊಂದು ಡಿಸ್ಕಿಗೆ, ಅಂದರೆ ‘/ಯುಎಸ್‌ಆರ್’ಗೆ, ಪ್ರೋಗ್ರಾಂಗಳೂ ಹೋದವು. ಆಗ ಬಿದ್ದ ಗೆರೆಯನ್ನು ನಾವು ಶಾಸ್ತ್ರ ಮಾಡಿಕೊಂಡಿದ್ದೇವೆ.

ಇನ್ನೊಂದು ಲಿನಕ್ಸ್ ಆವೃತ್ತಿಯಾದ ಫೆಡೋರಾ 2012ರಲ್ಲೇ ಎರಡನ್ನೂ ಒಂದು ಮಾಡಿತು. 2024ರಲ್ಲಿ ಬಂದ ಜೆಂಟೂ 23.0 ಪ್ರೊಫೈಲ್ (ವ್ಯವಸ್ಥೆಯ ಮೂಲ ಸೆಟ್ಟಿಂಗ್‌ಗಳ ಕಟ್ಟು) ವಿಲೀನವನ್ನೇ ಸಾಮಾನ್ಯ ಕ್ರಮವಾಗಿಸಿ, ಸೇವೆಗಳನ್ನು ಶುರುಮಾಡುವ ಸಾಧನವಾಗಿ ಓಪನ್‌ಆರ್‌ಸಿ ಬಳಸುವವರಿಗೆ ಹಳೆಯ ವಿನ್ಯಾಸದ ಆಯ್ಕೆಯನ್ನೂ ಉಳಿಸಿತು.

ನನ್ನನ್ನು ನಿಜಕ್ಕೂ ಸೆಳೆಯುವುದು ಈ ಬದಲಾವಣೆ ನಡೆಯುವ ಬಗೆ. ಪ್ರೋಗ್ರಾಂಗಳು ಹಂಚಿಕೊಳ್ಳುವ ಲೈಬ್ರರಿಗಳಿರುವ ‘/ಲಿಬ್64’ ಡೈರೆಕ್ಟರಿಯನ್ನು ‘/ಯುಎಸ್‌ಆರ್’ ಒಳಗೆ ಸರಿಸಿದಿರಿ ಎನ್ನೋಣ. ಮುಂದಿನ ಕೆಲಸ ಹಳೆಯ ಜಾಗದಲ್ಲಿ ಹೊಸ ಜಾಗವನ್ನು ತೋರಿಸುವ ಒಂದು ಸಾಂಕೇತಿಕ ಕೊಂಡಿ ಇಡುವುದು. ಅದಕ್ಕಾಗಿ ‘ಎಲ್ಎನ್’ ಆದೇಶ ಕೊಟ್ಟರೆ ‘ಅಂಥ ಕಡತ ಇಲ್ಲ’ ಎಂಬ ಉತ್ತರ ಬರುತ್ತದೆ. ‘ಎಲ್ಎನ್’ ಇದ್ದಲ್ಲೇ ಇದೆ! ಇಲ್ಲದಿರುವುದು ಲೋಡರ್. ಲೈಬ್ರರಿಗಳನ್ನು ಹೊರಗಿನಿಂದ ಪಡೆಯುವ ಪ್ರತಿಯೊಂದು ಪ್ರೋಗ್ರಾಂ, ಆ ಲೈಬ್ರರಿಗಳನ್ನು ಮೆಮೊರಿಗೆ ಏರಿಸುವ ಲೋಡರ್‌ನ ಪೂರ್ಣ ವಿಳಾಸವನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಆ ವಿಳಾಸ ಖಾಲಿಯಾದರೆ ಅಂಥ ಯಾವುದೂ ಹೊಸದಾಗಿ ಶುರುವಾಗುವುದಿಲ್ಲ. ಆದರೆ ಆಗಲೇ ಓಡುತ್ತಿರುವ ಪ್ರೋಗ್ರಾಂಗೆ ಏನೂ ಆಗುವುದಿಲ್ಲ, ಏಕೆಂದರೆ ವ್ಯವಸ್ಥೆಯ ತಿರುಳಾದ ಕರ್ನಲ್, ತೆರೆದ ಕಡತವನ್ನು ಹಿಡಿದುಕೊಂಡಿರುವುದು ಹೆಸರಿನಿಂದಲ್ಲ, ಕಡತದ ಒಳಗುರುತಾದ ಐನೋಡ್‌ನಿಂದ. ಮಳೆಗಾಲದಲ್ಲಿ ಹಳ್ಳದ ಸಂಕ ಕೊಚ್ಚಿಹೋದರೆ ಆಗಲೇ ದಾಟಿದವರಿಗೆ ತೊಂದರೆಯಿಲ್ಲ, ಈಚೆ ದಡದಲ್ಲಿ ನಿಂತವರಿಗೆ ಮಾತ್ರ ದಾರಿ ಕಡಿದಂತೆ.

ಅದಕ್ಕೇ ಜೆಂಟೂದ ವಿಲೀನ ಸಾಧನವನ್ನು ಪೈಥಾನ್‌ನಲ್ಲಿ ಬರೆದಿರುವುದು ನನಗೆ ತುಂಬ ಹಿಡಿಸಿತು. ಒಮ್ಮೆ ಓಡತೊಡಗಿದ ಪೈಥಾನ್ ಹೆಸರು ಬದಲಿಸಲು, ಕೊಂಡಿ ಹಾಕಲು ಬೇರೆ ಪ್ರೋಗ್ರಾಂಗಳನ್ನು ಕರೆಯಬೇಕಿಲ್ಲ, ನೇರವಾಗಿ ಕರ್ನಲ್‌ಗೇ ಹೇಳುತ್ತದೆ. ಕೈಯಿಂದಲೇ ಸರಿಸಿ ಸಿಕ್ಕಿಕೊಂಡವರಿಗೂ ದಾರಿಯಿದೆ: ಲೋಡರ್‌ ಅನ್ನು ಅದರ ಹೊಸ ವಿಳಾಸದಿಂದಲೇ ಕರೆದು, ‘ಎಲ್ಎನ್’ ಅನ್ನು ಅದಕ್ಕೆ ಒಪ್ಪಿಸಬೇಕು.

ಹೆಸರು ಬದಲಾಗಿ ಕೊಂಡಿ ಇನ್ನೂ ಬೀಳದಿರುವ ಆ ಕ್ಷಣದಲ್ಲಿ ಕರೆಂಟ್ ಹೋದರೆ ಯಂತ್ರ ಮತ್ತೆ ಏಳುವುದಿಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬೀಳುವುದು ದಿನನಿತ್ಯದ ಮಾತು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಬೂಟ್ ಆಗುವ ಪೆನ್‌ಡ್ರೈವ್ ಒಂದು ಪಕ್ಕದಲ್ಲಿರಲಿ.

ವಿಲೀನ ಬೇಡ ಎನ್ನುವವರ ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಸೋರ್ಸ್‌ನಿಂದ ಕಟ್ಟುವಾಗ ಸಂರಚನೆಯ ಹಂತದಲ್ಲಿ ‘ಬ್ಯಾಷ್’, ‘ಸೆಡ್’ನಂಥ ಪ್ರೋಗ್ರಾಂಗಳು ಎಲ್ಲಿವೆ ಎಂದು ಹುಡುಕಿ, ಸಿಕ್ಕ ವಿಳಾಸವನ್ನು ಕೆಲವು ಪ್ಯಾಕೇಜುಗಳು ತಮ್ಮ ಸ್ಕ್ರಿಪ್ಟ್‌ಗಳಲ್ಲಿ ಬರೆದುಬಿಡುತ್ತವೆ. ನಮ್ಮ ಯಂತ್ರದಲ್ಲೇ ಕಟ್ಟಿ ಅಲ್ಲೇ ಬಳಸಿದರೆ ಅಡ್ಡಿಯಿಲ್ಲ. ವಿಲೀನಗೊಂಡ ಯಂತ್ರದಲ್ಲಿ ಕಟ್ಟಿದ್ದನ್ನು ವಿಲೀನಗೊಳ್ಳದ ಯಂತ್ರಕ್ಕೆ ಒಯ್ದರೆ ‘/ಯುಎಸ್‌ಆರ್/ಬಿನ್/ಬ್ಯಾಷ್’ ಅಲ್ಲಿ ಇರುವುದಿಲ್ಲ. 2023ರ ಡಿಸೆಂಬರ್‌ನಿಂದ ಜೆಂಟೂ ಮೊದಲೇ ಕಟ್ಟಿದ ಸಿದ್ಧ ಬೈನರಿಗಳನ್ನೂ ದೊಡ್ಡ ಪ್ರಮಾಣದಲ್ಲಿ ಹಂಚುತ್ತಿದೆ. ಅವನ್ನು ಬಳಸುವವರು ತಮ್ಮ ಯಂತ್ರದ ವಿನ್ಯಾಸ, ಅವು ತಯಾರಾದ ಪ್ರೊಫೈಲ್ ಎರಡೂ ಹೊಂದುತ್ತವೆಯೇ ಎಂದು ಮೊದಲು ನೋಡಿಕೊಳ್ಳಬೇಕು.