ತೊಟ್ಟಿಗೆ ಹತ್ತು ಕೊಡ ನೀರು ಸುರಿದು ನೋಡಿ

ಮೈಸೂರಿನ ಅಗ್ರಹಾರದಲ್ಲಿ ಹಳೆಯ ತೊಟ್ಟಿ ಮನೆಯೊಂದನ್ನು, ಎಂದರೆ ನಡುವೆ ತೆರೆದ ಅಂಗಳವಿರುವ ಮನೆಯನ್ನು, ಕೊಂಡ ದಂಪತಿ ಕಳೆದ ಮಳೆಗಾಲದಲ್ಲಿ ನನ್ನನ್ನು ಕರೆಸಿದರು. ಬೆಂಗಳೂರಿನ ಹದಿನಾಲ್ಕನೆಯ ಮಹಡಿ ಸಾಕಾಗಿ ಬಂದವರು. ದೇವರಾಜ ಮಾರುಕಟ್ಟೆಗೆ ನಡೆದು ಹೋಗಬಹುದು, ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯಬಹುದು ಎಂಬ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ. ಆದರೆ ಬಂದ ಮೂರೇ ತಿಂಗಳಲ್ಲಿ ಮನೆಯನ್ನು ‘ಗಟ್ಟಿ’ ಮಾಡಿಸಿದ್ದರು: ಒಳಗೋಡೆಗಳಿಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ನೆಲಕ್ಕೆ ಗ್ರಾನೈಟ್. ನಾನು ಹೋದಾಗ ನಡುಮನೆಯ ಗೋಡೆ ಸೊಂಟದೆತ್ತರಕ್ಕೆ ಬೆವರುತ್ತಿತ್ತು, ಬಣ್ಣ ಹಪ್ಪಳದಂತೆ ಉಬ್ಬಿತ್ತು.

ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ನೀರಿನದೇ ದೂರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಬುಡದಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಮೇಲಿನ ಸುಣ್ಣದ ಗಾರೆ ಅದನ್ನು ಅಷ್ಟಷ್ಟೇ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಈ ದಾರಿಯನ್ನು ಮುಚ್ಚುತ್ತದೆ. ತೇವ ಮೇಲಕ್ಕೆ ಏರುತ್ತದೆ, ಜೊತೆಗೆ ಬಂದ ಲವಣ ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ‘ವಾಟರ್‌ಪ್ರೂಫ್’ ಬಣ್ಣ ಬಳಿದರೆ ಇನ್ನೂ ಕೇಡು. ಮದ್ದು ಸರಳ, ಆದರೆ ನಿಧಾನ: ಸಿಮೆಂಟನ್ನು ತೇವದ ಗೆರೆಗಿಂತ ಎರಡಡಿ ಮೇಲಿನವರೆಗೆ ಕೆತ್ತಿ ತೆಗೆದು, ಗೋಡೆಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಚೆನ್ನಾಗಿ ಅರಳಿ ಕೊಳೆತ ಸುಣ್ಣದಿಂದ ಗಾರೆ ಮಾಡಬೇಕು. ಈ ಕೆಲಸ ಬಲ್ಲವರು ಈಗ ಕಡಿಮೆ. ಸಿಕ್ಕವರು ಹೇಳಿದ ದಿನಕ್ಕೆ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮನೆ ನೋಡಲು ಹೋದಾಗ ಮೊದಲು ಬೀದಿಯಲ್ಲೇ ನಿಂತು ಜಗಲಿಯ ಮೆಟ್ಟಿಲು ಎಣಿಸಿ. ಹಳೆಯ ಬಡಾವಣೆಗಳಲ್ಲಿ ಹಳೆಯ ಡಾಂಬರನ್ನು ಕೀಳದೆ ಅದರ ಮೇಲೇ ಹೊಸದನ್ನು ಹಾಸುತ್ತಾ ಬಂದು ರಸ್ತೆ ಏರಿದೆ, ಮನೆ ಇದ್ದಲ್ಲೇ ಇದೆ. ಮೂರು ಮೆಟ್ಟಿಲಿದ್ದಲ್ಲಿ ಒಂದೂವರೆ ಉಳಿದಿದ್ದರೆ ಮಳೆ ನೀರಿಗೆ ನಿಮ್ಮ ಮನೆಯೇ ಇಳಿಜಾರು.

ಆಮೇಲೆ ತಾರಸಿ. ಈ ಮನೆಗಳಲ್ಲಿ ಹೆಚ್ಚಿನವು ಮದ್ರಾಸ್ ತಾರಸಿಯವು: ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟನ್ನು ದಿನಗಟ್ಟಲೆ ಬಡಿದು ಕೂರಿಸಿದ್ದು. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಚಾವಣಿ ಸೋರಿದೊಡನೆ ಅದರ ಮೇಲೆ ಇನ್ನೆರಡು ಇಂಚು ಸಿಮೆಂಟ್ ಸುರಿಯುವುದು ನಮ್ಮ ಊರಿನ ಚಟ. ಭಾರ ಹೆಚ್ಚುತ್ತದೆ, ಸಿಮೆಂಟ್ ಬಿರಿಯುತ್ತದೆ, ಒಳಗಿಳಿದ ನೀರು ಹೊರಬರಲಾಗದೆ ಜಂತಿಯ ತುದಿಗೆ ಹೋಗಿ ಕೂರುತ್ತದೆ. ಜಂತಿ ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹೂತ ತುದಿಯಲ್ಲಿ. ಒಂದು ಸ್ಕ್ರೂಡ್ರೈವರ್ ಒಯ್ದು ಅಲ್ಲಿ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಮುಂಗಡ ಕೊಡುವ ಮೊದಲು ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಸಾವಿರ ಲೀಟರ್‌ನ ಟ್ಯಾಂಕ್ ತುಂಬಿದರೆ ಒಂದು ಟನ್‌ಗೂ ಮೇಲೆ, ಅದನ್ನು ಜಂತಿಯ ನಡುವೆ ಇಡಬೇಡಿ. ಮೈಸೂರಿನಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದೂ ಆಗಸ್ಟ್‌ನಲ್ಲೇ, 2016ರಲ್ಲಿ. ಹಾಗಾಗಿ ಮಳೆಗಾಲದಲ್ಲಿ ನೋಡದ ಮನೆಯನ್ನು ಕೊಳ್ಳಬೇಡಿ ಎನ್ನುತ್ತೇನೆ. ದಲ್ಲಾಳಿಗಳಿಗೆ ಈ ಮಾತು ಹಿಡಿಸುವುದಿಲ್ಲ.

ಕಾಗದಪತ್ರದ ವಿಷಯ ವಕೀಲರದು. ಹಳೆಯ ಮನೆಗೆ ವಾರಸುದಾರರು ಹಲವರು, ಒಬ್ಬರು ಬೇರೆ ದೇಶದಲ್ಲಿರುತ್ತಾರೆ ಎಂದಷ್ಟೇ ಎಚ್ಚರಿಸುತ್ತೇನೆ. ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಸಾಲು ಮನೆಗಳಲ್ಲಿ ಗೋಡೆ ಇಬ್ಬರದು. ಪಕ್ಕದ ಮನೆಯ ಜಂತಿಯ ತುದಿ ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಕೂತಿರಬಹುದು. ಕಪಾಟಿಗೆಂದು ಗೂಡು ಕೊರೆದರೆ ಅವರ ಚಾವಣಿ ಇಳಿಯುತ್ತದೆ. ಸುತ್ತಿಗೆ ಎತ್ತುವ ಮೊದಲು ಅವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ.

ಕೊನೆಗೆ ತೊಟ್ಟಿ. ಬೆಳಕು, ಗಾಳಿ, ಮಳೆ ಮೂರೂ ಇಳಿಯುವುದು ಅಲ್ಲೇ. ಅದಕ್ಕೆ ಫೈಬರ್ ಶೀಟ್ ಹೊದಿಸಿದರೆ ಬಿಸಿಗಾಳಿ ಮೇಲೇರಿ ಹೋಗುವ ಬಾಯಿಯೇ ಮುಚ್ಚುತ್ತದೆ. ತೊಟ್ಟಿಗೆ ಹತ್ತು ಕೊಡ ನೀರು ಸುರಿದು, ಅದು ಎಲ್ಲಿ ಹೊರಬರುತ್ತದೆಂದು ನೋಡಿ. ಎಲ್ಲೂ ಬರದಿದ್ದರೆ ನಿಮ್ಮ ನೆಲದಡಿಯಲ್ಲೇ ನಿಂತಿದೆ ಎಂದರ್ಥ.

ಆ ದಂಪತಿಯ ಮನೆಯಲ್ಲಿ ಹೀಗೆ ನೀರು ಸುರಿದೆವು. ಬೀದಿಗೂ ಬರಲಿಲ್ಲ, ಹಿತ್ತಲಿನ ಕನ್ಸರ್ವೆನ್ಸಿ ಗಲ್ಲಿಗೂ (ಮನೆಗಳ ಹಿಂದೆ ಶುಚಿ ಕೆಲಸಕ್ಕೆಂದು ಬಿಟ್ಟ ಓಣಿ) ಬರಲಿಲ್ಲ. ಗದ್ದಲ ಕೇಳಿ ಪಕ್ಕದ ಮನೆಯ ಅಜ್ಜಿ ಬಂದರು. ಎಂಬತ್ತು ದಾಟಿದವರು, ಆ ಮನೆಯ ಮಕ್ಕಳೊಂದಿಗೆ ಆಡಿ ಬೆಳೆದವರು. ಊರುಗೋಲಿನಿಂದ ಗ್ರಾನೈಟಿನ ಮೇಲೆ ಗೆರೆ ಎಳೆದಂತೆ ತೋರಿಸಿದರು: “ಮೋರಿ ಹೀಗೆ ಹೋಗಿ ಬಚ್ಚಲ ಹಿಂದೆ ತಿರುಗುತ್ತಿತ್ತು. ನೀವು ಕೇಳಲೇ ಇಲ್ಲವಲ್ಲ.”

ಅವರು ತೋರಿಸಿದಲ್ಲಿ ಎರಡು ಹಾಸು ಎಬ್ಬಿಸಿದೆವು. ಕಲ್ಲು ಕಟ್ಟಿದ ಮೋರಿ ಹಾಗೇ ಇತ್ತು, ತಿರುವಿನಲ್ಲಿ ಸಿಮೆಂಟ್ ಚೂರು ತುಂಬಿ ಗಟ್ಟಿಯಾಗಿತ್ತು. ದಸರೆಗೆ ನೆಂಟರನ್ನೆಲ್ಲ ಕರೆದಿದ್ದ ದಂಪತಿ ಅದನ್ನು ಸಂಕ್ರಾಂತಿಗೆ ಮುಂದೂಡಿದರು. ಗೋಡೆ ಒಣಗಬೇಕಿತ್ತು.