ಚೀಟಿಯಿಲ್ಲದೆ ಬಂದ ಪಾರಿವಾಳ

1942ರ ಫೆಬ್ರುವರಿ 23. ನಾರ್ವೆ ಕಡೆಯ ಕಾರ್ಯಾಚರಣೆ ಮುಗಿಸಿ ಮರಳುತ್ತಿದ್ದ ಬ್ರಿಟಿಷ್ ವಾಯುಪಡೆಯ ಬ್ಯೂಫೋರ್ಟ್ ಬಾಂಬರ್ ಒಂದು ಹಾನಿಗೊಂಡು ಉತ್ತರ ಸಮುದ್ರಕ್ಕೆ ಬಿತ್ತು. ಒಳಗಿದ್ದ ನಾಲ್ವರೂ ಹೊರಬಂದು ರಬ್ಬರ್ ದೋಣಿ ಹತ್ತಿದರು. ತಾವು ಎಲ್ಲಿದ್ದೇವೆಂದು ನೆಲೆಗೆ ಸರಿಯಾಗಿ ತಿಳಿಸಲು ಅವರಿಗೆ ಆಗಿರಲಿಲ್ಲ. ಸಂದೇಶ ಒಯ್ಯಲೆಂದು ವಿಮಾನದಲ್ಲಿ ಇಟ್ಟುಕೊಂಡಿದ್ದ ಪಾರಿವಾಳವೊಂದು ಮಾತ್ರ ಮನೆಯ ದಿಕ್ಕಿಗೆ ಹಾರಿತು. ಮುಂದೆ ಅದಕ್ಕೆ ವಿಂಕಿ ಎಂಬ ಹೆಸರಾಯಿತು.

ಆ ನಾಲ್ವರು ದೋಣಿಯವರೆಗೆ ಬದುಕಿ ಬಂದದ್ದೇ ದೊಡ್ಡದು. ನೀರು ಮೆತ್ತಗಿರುವುದು ನಿಧಾನವಾಗಿ ಇಳಿಯುವವರಿಗೆ ಮಾತ್ರ. ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ನೀರಿಗೆ, ಗಂಟೆಗೆ 150 ಕಿ.ಮೀ. ವೇಗದಲ್ಲಿ ಬಂದೆರಗುವ ವಿಮಾನಕ್ಕೆ ಸರಿದು ದಾರಿ ಬಿಡುವಷ್ಟು ಪುರಸೊತ್ತು ಇರುವುದಿಲ್ಲ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 200ರಿಂದ 150ಕ್ಕೆ ವೇಗ ಇಳಿಸಿದರೆ ಆ ಶಕ್ತಿ ಶೇ 44ರಷ್ಟು ತಗ್ಗುತ್ತದೆ. ಹಾಗಾಗಿ ಪೈಲಟ್ ಸಾಧ್ಯವಾದಷ್ಟು ನಿಧಾನವಾಗಿ, ಬಾಲ ತಗ್ಗಿಸಿ, ಅಲೆಗಳ ಸಾಲಿಗೆ ಸಮಾನಾಂತರವಾಗಿ ಇಳಿಯಬೇಕು. ಮೂಗು ಅಲೆಯೊಳಗೆ ಹೊಕ್ಕರೆ ಕತೆ ಮುಗಿದಂತೆ. ವಿಮಾನದ ಆಕಾರವೂ ಹಣೆಬರಹ ಬರೆಯುತ್ತಿತ್ತು. ಅಮೆರಿಕದ ಬಿ-17 ಬಾಂಬರಿಗೆ ರೆಕ್ಕೆ ತಗ್ಗಿನಲ್ಲಿದ್ದುದರಿಂದ ಅದು ನೀರಿನ ಮೇಲೆ ಸ್ವಲ್ಪ ಹೊತ್ತಾದರೂ ನಿಲ್ಲುತ್ತಿತ್ತು. ಬಿ-24ರ ರೆಕ್ಕೆ ಎತ್ತರದಲ್ಲಿ, ಹೊಟ್ಟೆಯಡಿಯ ಬಾಂಬ್ ಕೋಣೆಗೆ ತೆಳುವಾದ ಬಾಗಿಲು. ಅದು ನೀರಿಗೆ ಬಡಿದಾಗ ಆ ಬಾಗಿಲು ಕಿತ್ತು, ಒಡಲೇ ಮುರಿಯುವುದು ಸಾಮಾನ್ಯವಾಗಿತ್ತು.

ಆಮೇಲಿನ ಶತ್ರು ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಚಳಿಗಾಲದ ಉತ್ತರ ಸಮುದ್ರಕ್ಕೆ ಬಿದ್ದವರಿಗೆ ಮೊದಲ ಕ್ಷಣದಲ್ಲೇ ಉಸಿರು ಹಿಡಿತ ತಪ್ಪುತ್ತದೆ, ಏದುಸಿರಿನ ನಡುವೆ ನೀರು ಕುಡಿದು ಮುಳುಗಿದವರೂ ಉಂಟು. ಅದನ್ನು ದಾಟಿದರೂ ಕೆಲವೇ ನಿಮಿಷಗಳಲ್ಲಿ ಬೆರಳು ಮರಗಟ್ಟಿ, ದೋಣಿಯ ಹಗ್ಗ ಹಿಡಿಯಲೂ ಕೈ ಕೇಳುವುದಿಲ್ಲ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಉಬ್ಬುವ ಆ ಪುಟ್ಟ ದೋಣಿ ಜೀವ ಉಳಿಸುತ್ತಿದ್ದುದು ಮನುಷ್ಯನನ್ನು ನೀರಿನಿಂದ ಮೇಲೆತ್ತಿದ್ದರಿಂದ. ಒದ್ದೆ ಬಟ್ಟೆ, ಗಾಳಿ ಹಾಗೇ ಇರುತ್ತಿದ್ದವು. ಅಂದರೆ ಅದು ಕೊಡುತ್ತಿದ್ದದ್ದು ಗಡುವು ಮಾತ್ರ.

ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಆ ಗಡುವಿನೊಳಗೆ ಹುಡುಕುವ ಲೆಕ್ಕದಲ್ಲಿದೆ. ವಿಮಾನ ಬಿದ್ದ ಜಾಗದ ಅಂದಾಜು 20 ಕಿ.ಮೀ. ಆಚೀಚೆ ಆಗಿದ್ದರೆ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 1,250 ಚದರ ಕಿ.ಮೀ. ತಪ್ಪು 40 ಕಿ.ಮೀ. ಆದರೆ ಅದು 5,000 ದಾಟುತ್ತದೆ. ಗಾಳಿ ಮತ್ತು ಪ್ರವಾಹ ದೋಣಿಯನ್ನು ತಳ್ಳುತ್ತಲೇ ಇರುವುದರಿಂದ ಗಂಟೆಗಂಟೆಗೂ ಆ ವೃತ್ತ ಹಿಗ್ಗುತ್ತದೆ. ಬಿಳಿ ನೊರೆಯ ಅಲೆಗಳ ನಡುವೆ ದೋಣಿಯೊಂದು ಮೇಲಿನಿಂದ ಬರೀ ಚುಕ್ಕೆ.

ಸ್ಕಾಟ್ಲೆಂಡಿನ ಡಂಡೀ ಪಕ್ಕದ ಬ್ರಾಟಿ ಫೆರಿಯಲ್ಲಿ ಪಾರಿವಾಳದ ಒಡೆಯ ಜಾರ್ಜ್ ರಾಸ್ ಮರುದಿನ ಗೂಡಿನಲ್ಲಿ ನೋಡಿದಾಗ, ರೆಕ್ಕೆಗೆ ಎಣ್ಣೆ ಮೆತ್ತಿಕೊಂಡು, ಸೋತು ಸುಣ್ಣವಾಗಿದ್ದ ಹಕ್ಕಿ ಕಂಡಿತು. ಸುಮಾರು 190 ಕಿ.ಮೀ. ಹಾರಿ ಬಂದಿತ್ತು. ಕಾಲಿನಲ್ಲಿ ಚೀಟಿ ಇರಲಿಲ್ಲ. ರಾಸ್ ಕೂಡಲೇ ವಾಯುಪಡೆಗೆ ತಿಳಿಸಿದರು. ಅಲ್ಲಿನವರು ಪಾರಿವಾಳ ಬಂದ ಹೊತ್ತನ್ನೇ ಸಂದೇಶವೆಂದು ಓದಿದರು: ವಿಮಾನ ಬಿದ್ದ ಸಮಯಕ್ಕೂ ಹಕ್ಕಿ ಗೂಡು ಸೇರಿದ ಸಮಯಕ್ಕೂ ಇರುವ ಅಂತರ, ಗಾಳಿಯ ದಿಕ್ಕು, ಎಣ್ಣೆಯಿಂದ ಭಾರವಾದ ರೆಕ್ಕೆಗಳು ವೇಗವನ್ನು ಎಷ್ಟು ತಗ್ಗಿಸಿರಬಹುದು ಎಂಬ ಅಂದಾಜು. ಇವನ್ನೆಲ್ಲ ಕೂಡಿಸಿ ಹುಡುಕಾಟದ ಜಾಗವನ್ನು ಕಿರಿದುಗೊಳಿಸಿದರು. ನಾಲ್ವರೂ ಜೀವಂತ ಸಿಕ್ಕರು. ಒಂದು ಹಕ್ಕಿಯ ದಣಿವನ್ನು ದೂರವಾಗಿ ಪರಿವರ್ತಿಸಿದ ಆ ತರ್ಕ ನನಗೆ ಪಾರಿವಾಳದ ಹಾರಾಟದಷ್ಟೇ ದೊಡ್ಡದಾಗಿ ಕಾಣುತ್ತದೆ. 1943ರ ಡಿಸೆಂಬರಿನಲ್ಲಿ, ಯುದ್ಧದಲ್ಲಿ ಸೇವೆ ಸಲ್ಲಿಸಿದ ಪ್ರಾಣಿಗಳಿಗೆಂದು ಹೊಸದಾಗಿ ಶುರುವಾದ ಡಿಕಿನ್ ಪದಕವನ್ನು ಮೊದಲು ಪಡೆದ ಮೂರು ಪಾರಿವಾಳಗಳಲ್ಲಿ ವಿಂಕಿಯೂ ಒಂದು.

ಯುದ್ಧ ಮುಗಿಯುವ ಹೊತ್ತಿಗೆ ರಬ್ಬರ್ ದೋಣಿಗಳಿಗೆ ಕೈಯಿಂದ ತಿರುಗಿಸುವ ರೇಡಿಯೊ ಬಂದಿತ್ತು. ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಡಿ ತಿರುಗಿಸಿದರೆ ಸಾಕು, ಗಾಳಿಪಟದಿಂದ ಮೇಲೇರಿದ ತಂತಿಯ ಮೂಲಕ 500 ಕಿಲೋಹರ್ಟ್ಸ್‌ನಲ್ಲಿ ಎಸ್‌ಒಎಸ್ ತಾನಾಗಿ ಹೊರಡುತ್ತಿತ್ತು. ಇಂದಿನ ತುರ್ತು ಬೀಕನ್‌ಗಳಲ್ಲಿ, ಅಂದರೆ ಅಪಾಯದ ಸಂಕೇತ ಕಳಿಸುವ ಪುಟ್ಟ ಉಪಕರಣಗಳಲ್ಲಿ, ಹಲವು ನೀರು ತಾಕಿದೊಡನೆ 406 ಮೆಗಾಹರ್ಟ್ಸ್‌ನಲ್ಲಿ ಕೂಗಲು ತೊಡಗುತ್ತವೆ. ಕೆಳಕಕ್ಷೆಯ ಉಪಗ್ರಹ ಮೇಲೆ ಹಾದುಹೋಗುವಾಗ ಆ ಸಂಕೇತದ ಕಂಪನಾಂಕ ಹೊತ್ತಿನಿಂದ ಹೊತ್ತಿಗೆ ಬದಲಾಗುವ ಬಗೆಯನ್ನು ಅಳೆದು, ಬೀಕನ್ ಇರುವ ಜಾಗವನ್ನು ಲೆಕ್ಕ ಹಾಕಬಹುದು. ಭಾರತದಲ್ಲಿ ಇಂಥ ಕರೆಗಳನ್ನು ಸ್ವೀಕರಿಸಿ ರಕ್ಷಣಾ ಪಡೆಗಳಿಗೆ ದಾಟಿಸುವ ಇಸ್ರೊ ಕೇಂದ್ರ ಇರುವುದು ಬೆಂಗಳೂರಿನಲ್ಲಿ.