ಸಿಎಸ್‌ಐ: ಕ್ಯಾಮೆರಾ ಮಾಡ್ಯೂಲಿನ ಪಟ್ಟಿ ಕೇಬಲಿನಲ್ಲಿ ಹರಿಯುವುದೇನು?

ರಾಸ್ಪ್‌ಬೆರಿ ಪೈ ಥರದ ಸಿಂಗಲ್ ಬೋರ್ಡ್ ಕಂಪ್ಯೂಟರಿನ ಮೇಲೆ ಯುಎಸ್‌ಬಿ, ಎಚ್‌ಡಿಎಂಐ ಕಿಂಡಿಗಳ ಜೊತೆಗೆ ಉದ್ದನೆಯ, ತೆಳ್ಳನೆಯ ಒಂದು ಸೀಳೂ ಇರುತ್ತದೆ. ಕಾಗದದಷ್ಟು ಚಪ್ಪಟೆಯಾದ ಪಟ್ಟಿ ಕೇಬಲೊಂದು ಅದರೊಳಗೆ ಕೂರುತ್ತದೆ, ಇನ್ನೊಂದು ತುದಿಗೆ ಬೆರಳಿನುಗುರಿಗಿಂತ ತುಸು ದೊಡ್ಡದಾದ ಕ್ಯಾಮೆರಾ. ಆ ಸಂಪರ್ಕದ ಹೆಸರೇ ಸಿಎಸ್‌ಐ, ಅಂದರೆ ಕ್ಯಾಮೆರಾ ಸೀರಿಯಲ್ ಇಂಟರ್‌ಫೇಸ್.

ಇದು ಬಂದದ್ದು ಮೊಬೈಲ್ ಫೋನಿನ ಹೊಟ್ಟೆಯಿಂದ. ಫೋನಿನೊಳಗಿನ ಬಿಡಿಭಾಗಗಳು ಒಂದರೊಡನೊಂದು ಹೇಗೆ ಮಾತಾಡಬೇಕೆಂದು ನಿಗದಿ ಮಾಡಲು ಕಂಪನಿಗಳು ಸೇರಿ 2003ರಲ್ಲಿ ಮಿಪಿ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿಕೊಂಡವು. ಈಗ ಎಲ್ಲೆಡೆ ಬಳಕೆಯಲ್ಲಿರುವ ಸಿಎಸ್‌ಐ-2 ಅದೇ ಒಕ್ಕೂಟ 2005ರಲ್ಲಿ ಹೊರತಂದ ಮಾನದಂಡ. ರಾಸ್ಪ್‌ಬೆರಿ ಪೈಗೆ ಮೊದಲ ಅಧಿಕೃತ ಕ್ಯಾಮೆರಾ ಬಂದದ್ದು 2013ರಲ್ಲಿ. ಅದರಲ್ಲಿದ್ದದ್ದು 5 ಮೆಗಾಪಿಕ್ಸೆಲ್‌ನ ಓವಿ5647 ಎಂಬ ಸೆನ್ಸರ್, ಅಂದರೆ ಬೆಳಕನ್ನು ಅಳೆಯುವ ಚಿಪ್.

ಯುಎಸ್‌ಬಿ ಇರುವಾಗ ಬೇರೆ ದಾರಿ ಯಾಕೆ ಬೇಕಿತ್ತು? ಲೆಕ್ಕ ಹಾಕಿ ನೋಡಿ. 1920×1080 ಪಿಕ್ಸೆಲ್, ಪ್ರತಿ ಪಿಕ್ಸೆಲಿಗೆ 10 ಬಿಟ್, ಸೆಕೆಂಡಿಗೆ 30 ಫ್ರೇಮ್. ಗುಣಿಸಿದರೆ ಸೆಕೆಂಡಿಗೆ ಸುಮಾರು 622 ಮೆಗಾಬಿಟ್. ಯುಎಸ್‌ಬಿ 2.0ರ ಕಾಗದದ ಮೇಲಿನ ವೇಗವೇ 480 ಮೆಗಾಬಿಟ್. ಹಾಗಾಗಿ ವೆಬ್‌ಕ್ಯಾಮ್ ತನ್ನೊಳಗೇ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಸಿಎಸ್‌ಐ ಕ್ಯಾಮೆರಾಕ್ಕೆ ಆ ಗೋಜಿಲ್ಲ. ಸೆನ್ಸರ್ ಕಂಡದ್ದನ್ನು ಕಂಡ ಹಾಗೇ, ಕಚ್ಚಾ ರೂಪದಲ್ಲಿ ಸಾಗಿಸುತ್ತದೆ. ಒಂದೊಂದು ಪಿಕ್ಸೆಲೂ ಕೆಂಪು, ಹಸಿರು, ನೀಲಿ ಪೈಕಿ ಒಂದೇ ಬಣ್ಣ ಅಳೆದಿರುತ್ತದೆ. ಉಳಿದೆರಡನ್ನು ಊಹಿಸಿ ತುಂಬುವುದು, ಬಿಳಿ ಸಮತೋಲನ, ಕಾಳು ಕಾಳಾದ ನಾಯ್ಸ್ ತೆಗೆಯುವುದು, ಎಲ್ಲವೂ ಬೋರ್ಡಿನ ಕಡೆಯ ಐಎಸ್‌ಪಿ (ಇಮೇಜ್ ಸಿಗ್ನಲ್ ಪ್ರೊಸೆಸರ್) ಎಂಬ ಭಾಗದ ಕೆಲಸ.

ಈಗ ಕೇಬಲಿನ ಒಳಗೆ ಇಣುಕೋಣ, ಅಸಲಿ ಸ್ವಾರಸ್ಯ ಇರುವುದೇ ಅಲ್ಲಿ. ರಾಸ್ಪ್‌ಬೆರಿ ಪೈ 4ರವರೆಗಿನ ದೊಡ್ಡ ಬೋರ್ಡುಗಳಲ್ಲಿ 15 ಪಿನ್‌ಗಳಿವೆ. ದತ್ತಾಂಶಕ್ಕೆ ಎರಡು ಲೇನ್, ಲೇನಿಗೆ ಎರಡೆರಡು ತಂತಿ. ಅದೇ ಸಂಕೇತ ಒಂದರಲ್ಲಿ ನೇರವಾಗಿ, ಮತ್ತೊಂದರಲ್ಲಿ ತಿರುಗುಮುರುಗಾಗಿ ಓಡುವುದರಿಂದ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಕಳೆದುಹೋಗುತ್ತದೆ. ಬಿಟ್‌ಗಳಿಗೆ ತಾಳ ಹಾಕುವ ಕ್ಲಾಕ್‌ಗೆ ಇನ್ನೊಂದು ಜೋಡಿ. ನಡುನಡುವೆ ನಾಲ್ಕು ಗ್ರೌಂಡ್. ಆಮೇಲೆ ಕ್ಯಾಮೆರಾವನ್ನು ಎಬ್ಬಿಸುವಂಥ ಕೆಲಸಗಳಿಗೆ ಎರಡು ತಂತಿ, ಐ2ಸಿ ಎಂಬ ನಿಧಾನಗತಿಯ ಸಂಪರ್ಕಕ್ಕೆ ಎರಡು, ಕೊನೆಯಲ್ಲಿ 3.3 ವೋಲ್ಟ್.

ಅಂದರೆ ಒಂದೇ ಕೇಬಲಿನಲ್ಲಿ ಎರಡು ಬೇರೆ ಬೇರೆ ಸಂಭಾಷಣೆ ನಡೆಯುತ್ತಿದೆ. ಲೇನ್‌ಗಳಲ್ಲಿ ಪಿಕ್ಸೆಲ್‌ಗಳ ಪ್ರವಾಹ, ಅದು ಕ್ಯಾಮೆರಾದಿಂದ ಬೋರ್ಡಿನ ಕಡೆಗೆ ಮಾತ್ರ. ಐ2ಸಿಯಲ್ಲಿ ಅಪ್ಪಣೆ ಮತ್ತು ಉತ್ತರ: ಎಕ್ಸ್‌ಪೋಷರ್ (ಬೆಳಕು ಹಿಡಿಯುವ ಹೊತ್ತು) ಇಷ್ಟಿರಲಿ, ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಇಷ್ಟಿರಲಿ, ಈಗ ಶುರುಮಾಡು. ಎಲ್ಲಕ್ಕೂ ಮೊದಲು ‘ನೀನು ಯಾರು’ ಎಂಬ ವಿಚಾರಣೆ. ಐಎಂಎಕ್ಸ್219 ಎಂಬ ಸೆನ್ಸರಿನ ಗುರುತಿನ ರಿಜಿಸ್ಟರ್ (ಚಿಪ್ಪಿನೊಳಗೆ ಸಂಖ್ಯೆ ಇಡುವ ಪುಟ್ಟ ಖಾನೆ) ಓದಿದರೆ ಹೆಕ್ಸಾಡೆಸಿಮಲ್‌ನಲ್ಲಿ 0219 ಎಂದೇ ಉತ್ತರ ಬರುತ್ತದೆ.

ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತರೆ ಕ್ಯಾಮೆರಾ ಕೈಕೊಟ್ಟಾಗ ಕತ್ತಲಲ್ಲಿ ತಡಕಾಡಬೇಕಿಲ್ಲ. ರಾಸ್ಪ್‌ಬೆರಿ ಪೈಯಲ್ಲಿ ಕ್ಯಾಮೆರಾ ಪರೀಕ್ಷಿಸುವ ‘ಆರ್‌ಪಿಐಕ್ಯಾಮ್-ಹಲೋ’ ಆದೇಶ ಕೊಟ್ಟಾಗ ‘ನೋ ಕ್ಯಾಮೆರಾಸ್ ಅವೈಲಬಲ್’ ಎಂದು ಬಂದರೆ ವಿಚಾರಣೆಗೇ ಉತ್ತರ ಸಿಕ್ಕಿಲ್ಲ: ವಿದ್ಯುತ್ ಇಲ್ಲ, ಐ2ಸಿ ತಾಗಿಲ್ಲ, ಇಲ್ಲವೇ ಆ ಸೆನ್ಸರನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಲೋಡ್ ಆಗಿಲ್ಲ. ಪತ್ತೆಯಾದ ಕ್ಯಾಮೆರಾಗಳ ಯಾದಿಯಲ್ಲಿ ಹೆಸರಿದೆ, ಆದರೆ ಚಿತ್ರ ಬಾರದೆ ‘ಫ್ರಂಟ್‌ಎಂಡ್ ಟೈಮ್ಡ್ ಔಟ್’ ಎನ್ನುತ್ತಿದೆಯೇ? ಐ2ಸಿ ಸರಿಯಿದೆ, ಲೇನ್‌ಗಳನ್ನು ಅನುಮಾನಿಸಿ. ಐ2ಸಿ ತಂತಿಗಳು ಕೇಬಲಿನ ಒಂದು ಅಂಚಿನಲ್ಲಿ, ದತ್ತಾಂಶದ ಲೇನ್‌ಗಳು ಇನ್ನೊಂದು ಅಂಚಿನಲ್ಲಿ ಇರುವುದರಿಂದ ಕೇಬಲ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಒಂದು ಬದಿ ತಾಗಿ ಮತ್ತೊಂದು ಬದಿ ತಪ್ಪಬಹುದು. ಸಾಫ್ಟ್‌ವೇರನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವ ಮುಂಚೆ ಕೇಬಲ್ ಬಿಚ್ಚಿ ಕೂರಿಸುವುದು ಮೇಲು ಎಂದು ನಾನು ಹೇಳುವುದು ಇದಕ್ಕೇ.

ಕೂರಿಸುವ ಕ್ರಮ ಸರಳ. ಮೊದಲು ಕರೆಂಟ್ ತೆಗೆಯಿರಿ, ಯುಎಸ್‌ಬಿಯ ಹಾಗೆ ಚಾಲನೆಯಲ್ಲಿರುವಾಗಲೇ ಸಿಕ್ಕಿಸಿ ಕೀಳುವ ವಸ್ತುವಲ್ಲ ಇದು. ಕನೆಕ್ಟರಿನ ಪ್ಲಾಸ್ಟಿಕ್ ಚಿಲಕವನ್ನು ಎರಡೂ ಬದಿಯಿಂದ ಮೆಲ್ಲಗೆ ಎತ್ತಿ, ಕೇಬಲನ್ನು ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ, ಚಿಲಕ ಒತ್ತಿ. ಕೇಬಲಿನ ಒಂದೇ ಮುಖದಲ್ಲಿ ಹೊಳೆಯುವ ಪಟ್ಟೆಗಳಿರುತ್ತವೆ. ರಾಸ್ಪ್‌ಬೆರಿ ಪೈ 4ರಲ್ಲಿ ಆ ಮುಖ ಎಚ್‌ಡಿಎಂಐ ಕಡೆಗಿರಬೇಕು. ಬೇರೆ ಬೋರ್ಡಾದರೆ ಕನೆಕ್ಟರಿನ ಒಳಗೆ ಲೋಹದ ಹಲ್ಲುಗಳು ಯಾವ ಬದಿಗಿವೆ ಎಂದು ಬಗ್ಗಿ ನೋಡಿ. ಪೈ 4ರಲ್ಲಿ ಡಿಸ್‌ಪ್ಲೇ ಕನೆಕ್ಟರ್ ಕೂಡ ತದ್ರೂಪಿಯಂತೆ ಇರುತ್ತದೆ, ಪಕ್ಕದಲ್ಲಿ ಅಚ್ಚಾದ ಅಕ್ಷರ ಓದಿಯೇ ಸಿಕ್ಕಿಸಿ. ಪೈ 5ರಲ್ಲಿ ಈ ತಾಪತ್ರಯವಿಲ್ಲ. ಅಲ್ಲಿರುವ ಎರಡು ಕನೆಕ್ಟರುಗಳಲ್ಲಿ ಯಾವುದಕ್ಕಾದರೂ ಕ್ಯಾಮೆರಾ ಹಾಕಬಹುದು, ಆದರೆ ಅವು 22 ಪಿನ್ನಿನ ಸಣ್ಣ ಕನೆಕ್ಟರುಗಳಾದ್ದರಿಂದ ಹಳೆಯ ಕೇಬಲ್ ಹಿಡಿಸುವುದಿಲ್ಲ. ಹಳೆಯ ಕ್ಯಾಮೆರಾ ಮಾಡ್ಯೂಲುಗಳಲ್ಲಿ ಇನ್ನೊಂದು ಜಾಗ ನೋಡಬೇಕು: ಲೆನ್ಸಿನ ಬುಡದಿಂದ ಹೊರಟ ಪುಟ್ಟ ಪಟ್ಟಿ ಮಾಡ್ಯೂಲಿನ ಮೇಲೆಯೇ ಒಂದು ಚಿಕ್ಕ ಕನೆಕ್ಟರಿಗೆ ಒತ್ತಿಕೊಂಡಿರುತ್ತದೆ. ಅದು ಸಡಿಲವಾದರೂ ಕ್ಯಾಮೆರಾ ಮಾಯ. ಬೆರಳಿನಿಂದ ಒತ್ತಿದರೆ ಟಕ್ಕೆಂದು ಕೂರುತ್ತದೆ.

ಕೇಬಲ್ ಕೂತಿತು ಎಂದಮಾತ್ರಕ್ಕೆ ಕ್ಯಾಮೆರಾ ನಡೆಯುತ್ತದೆ ಎಂದಲ್ಲ. ವೆಬ್‌ಕ್ಯಾಮ್‌ಗಳಿಗೆ ಯುವಿಸಿ ಎಂಬ ಸಾಮಾನ್ಯ ನಿಯಮವಿರುವುದರಿಂದ ಒಂದೇ ಡ್ರೈವರ್ ಬಹುತೇಕ ಎಲ್ಲವನ್ನೂ ನಡೆಸುತ್ತದೆ. ಸಿಎಸ್‌ಐ-2 ಹೇಳುವುದು ಪಿಕ್ಸೆಲ್ ಹೇಗೆ ಸಾಗಬೇಕು ಎಂಬುದನ್ನು. ಸೆನ್ಸರಿನ ಒಳಗಿನ ರಿಜಿಸ್ಟರುಗಳು ಪ್ರತಿ ತಯಾರಕರಿಗೂ ಬೇರೆ, ಹಾಗಾಗಿ ಪ್ರತಿ ಸೆನ್ಸರಿಗೂ ಬೇರೆ ಡ್ರೈವರ್. ಐಎಂಎಕ್ಸ್219 ಕ್ಯಾಮೆರಾವನ್ನು ಜೆಟ್ಸನ್ ನ್ಯಾನೋ ಬೋರ್ಡು ಗುರುತಿಸುತ್ತದೆ, ಅದೇ ಕೇಬಲಿನಲ್ಲಿ ಓವಿ5647 ಹಾಕಿದರೆ ತೆಪ್ಪಗಿರುತ್ತದೆ. ರಾಸ್ಪ್‌ಬೆರಿ ಪೈ ತನ್ನ ಅಧಿಕೃತ ಕ್ಯಾಮೆರಾಗಳನ್ನು ಬೂಟ್ ಆಗುವಾಗಲೇ ಪತ್ತೆಹಚ್ಚುತ್ತದೆ. ಬೇರೆಯವರ ಮಾಡ್ಯೂಲಾದರೆ ಕಾನ್ಫಿಗ್ ಕಡತದಲ್ಲಿ ಆಟೋ ಡಿಟೆಕ್ಟ್ ಸಾಲನ್ನು 0 ಮಾಡಿ, ಸೆನ್ಸರಿನ ಹೆಸರಿನ ಓವರ್‌ಲೇ (ಇಂಥ ಸೆನ್ಸರ್ ಇದೆ ಎಂದು ತಿಳಿಸುವ ಸಾಲು) ಸೇರಿಸಿ, ರೀಬೂಟ್ ಮಾಡಬೇಕಾಗಬಹುದು. ಕೊಳ್ಳುವಾಗ ಮೆಗಾಪಿಕ್ಸೆಲಿಗಿಂತ ಮೊದಲು ಸೆನ್ಸರಿನ ಹೆಸರು ಕೇಳಿ.

ಇನ್ನು ಉದ್ದ. ಫೋನಿನೊಳಗೆ ಕೆಲವೇ ಸೆಂಟಿಮೀಟರ್ ದಾಟಲೆಂದು ಹುಟ್ಟಿದ ಸಂಪರ್ಕ ಇದು. ರಾಸ್ಪ್‌ಬೆರಿ ಪೈ ಅಧಿಕೃತ ಕೇಬಲುಗಳೂ 20ರಿಂದ 50 ಸೆಂಟಿಮೀಟರಿನವು. ಕಾರುಗಳಲ್ಲಿ ಕ್ಯಾಮೆರಾ ಮೀಟರುಗಟ್ಟಲೆ ದೂರ ಇರುವುದರಿಂದ ನಡುವೆ ಸಿಗ್ನಲ್ ಬದಲಿಸುವ ಪ್ರತ್ಯೇಕ ಚಿಪ್‌ಗಳನ್ನು ಇಡುತ್ತಾರೆ. ಮನೆಮಟ್ಟದ ಕೆಲಸಕ್ಕೆ ಕ್ಯಾಮೆರಾ ಅಷ್ಟು ದೂರ ಇರಲೇಬೇಕೆಂದರೆ ಸುಮ್ಮನೆ ಯುಎಸ್‌ಬಿ ವೆಬ್‌ಕ್ಯಾಮ್ ಹಾಕಿಕೊಳ್ಳುವುದು ವಾಸಿ.